ಎಡಗಡೆಯ ಸೀಟು

ಪಾಂಡು ಮಾಸ್ತರರ ಕಾರಿನ್ಯಾಗ ಕುಂತ್ರ ಮನಿ ಪಡಸಾಲ್ಯಾಗ ಕುಂತಂಗ, ಅಂತ ಓಣಿ ಮಂದಿ ಎಲ್ಲಾ ಅಂತಿದ್ರು. ಸುಳ್ಳಲ್ಲ ಬಿಡ್ರಿ. ವಿಜಯಪುರದಿಂದ ತಿಕೋಟಾ ದಾಟಿ ಹೊನವಾಡದ ಕಡೆ ದಿನಾ ಮುಂಜಾನಿ ನೌಕರಿಗೆ ಹೋಗೂ ಕಾರು ಒಂದೆರಡಲ್ಲ. ಎಲ್ಲಾರಿಗೂ ಹೊತ್ತಿಗೆ ಸರಿಯಾಗಿ ಮುಟ್ಟಬೇಕು, ಎಲ್ಲಾರೂ ಮನಿ ಬಿಡೂದು ತಡಾ ಮಾಡಿ. ಆಮ್ಯಾಲ ಏನು, ಹಾರ್ನ್ ಹೊಡಿಯೂದು, ಬಯ್ಯೂದು, ಎದುರಿಗೆ ಬಸ್ಸು ಬರಾಕತ್ತಿದ್ರೂ ಮುಂದಿನ ಗಾಡಿ ಹಿಂದ ಹಾಕೂದು. ಮಾಸ್ತರು ಮಾತ್ರ ಎಂಟೂಕಾಲಿಗೇ ಸಿದ್ಧೇಶ್ವರ ಗುಡಿ ಹಿಂದಿನ ತಮ್ಮ ಮನಿ ಮುಂದ ಗಾಡಿ ಚಾಲೂ ಮಾಡತಿದ್ರು. ಒದ್ದಿ ಪೇಪರಿನಿಂದ ಕಾಚು ಒರಸೂದು, ಟಾಯರು ಕಾಲಿಲೇ ಒತ್ತಿ ನೋಡೂದು, "ಬೆಲ್ಟ್ ಹಾಕ್ಕೊಂಡ್ರೇನು ಎಲ್ಲಾರೂ?" ಅಂತ ಕೇಳೂದು. ಸ್ಪೀಡಿನ ಮುಳ್ಳು ಐವತ್ತರ ಮ್ಯಾಲ ಏರಿದ್ದು ಯಾರೂ ಕಂಡಿದ್ದಿಲ್ಲ. ಯಾವನರೆ ಹಿಂದ ಬಂದು ಪೀಂ ಪೀಂ ಅಂತ ಒದರಿದ್ರ, "ಹೋಗಲಿ ಪಾಪ, ಏನ ಅವಸರ ಅದನೋ ಅಂವಗ" ಅಂತ ಬದಿಗೆ ಸರದು ಹಾದಿ ಬಿಡತಿದ್ರು. ಅವರ ಕಾರಿನ್ಯಾಗ ಜಗಳ ಇಲ್ಲ, ಆಫೀಸಿನ ಚಾಡಿ ಇಲ್ಲ, ಫೋನ್ ಅಂತೂ ಇಲ್ಲೇ ಇಲ್ಲ.

ಇಷ್ಟು ಸಮಾಧಾನದಿಂದ ಗಾಡಿ ಹೊಡಿಯೂ ಮನಶ್ಯಾನ ಕೈಯಾಗ ಜೀವ ಹೋಗತದ ಅಂತ ಯಾರು ತಿಳಕೊಂಡಾರು? ಯಾರೂ ತಿಳಕೊಳ್ಳಲಿಲ್ಲ. ಅದ ತಪ್ಪಾತು.

ಕಾರಿನ್ಯಾಗ ಹೋಗತಿದ್ದವರು ಮೂರೇ ಮಂದಿ. ಮಾಸ್ತರು, ಅವರ ಸಾಲ್ಯಾಗೇ ಗಣಿತ ಕಲಸೂ ಸೌಭಾಗ್ಯ, ಮತ್ತ ತಿಕೋಟಾದಾಗ ಇಳಿಯೂ ಬ್ಯಾಂಕಿನ ನಂದಕಿಶೋರ. ಸೌಭಾಗ್ಯ ಕಳ್ಳಕವಟಗಿ ಹುಡುಗಿ, ಈಗ ವಿಜಯಪುರದಾಗ ಸಂಸಾರ, ವಯಸ್ಸು ಮೂವತ್ತೆಂಟು. ಹತ್ತನೇ ಇಯತ್ತಾದಾಗ ಇದೇ ಗಣಿತದಾಗ ಫೇಲಾಗಿ, ಮನಿ ಮೂಲ್ಯಾಗ ಮಾರಿ ಮುಚಗೊಂಡು ಕುಂತಿದ್ಲು. ಆಕೀನ ಬೇಸಿಗಿ ಪೂರಾ ಸಾಲಿ ಬೇವಿನ ಗಿಡದ ನೆಳ್ಳಾಗ ಕುಂದರಿಸಿ ಕಲಿಸಿ ಪಾಸ್ ಮಾಡಿಸಿದವರು ಪಾಂಡು ಮಾಸ್ತರು. ಅವರ ಕಲಸೂ ರೀತೀನ ಬ್ಯಾರೆ. ತಪ್ಪು ಅನ್ನೂ ಶಬ್ದ ಅವರ ಬಾಯಾಗಿಂದ ಬರತಿದ್ದಿಲ್ಲ. "ಇನ್ನೊಮ್ಮಿ ನೋಡು" ಅಂತಿದ್ರು. ಉತ್ತರ ಹೇಳತಿದ್ದಿಲ್ಲ. ಹುಡುಗಿಗೆ ತಾನೇ ಕಾಣೂ ತನಕ ಅರ್ಧಾ ತಾಸು ಆದ್ರೂ ಸುಮ್ಮನ ಕುಂದರತಿದ್ರು. ಈಗ ಸೌಭಾಗ್ಯನೂ ತನ್ನ ಹುಡುಗರಿಗೆ ಹಂಗ ಕಲಸತಾಳ.

ಹೋದ ದೀಪಾವಳಿ ಮುಂದ ಶುರು ಆತು. ತಿಕೋಟಾ ಇನ್ನೂ ಎರಡು ಕಿಲೋಮೀಟರ್ ಇತ್ತು, ಹಾಲಿನಾಂವನ ಬೈಕಿನ ಕ್ಯಾನಿಗೆ ಕಾರಿನ ಎಡಗಡೆ ಕನ್ನಡಿ ಟಣ್ ಅಂತ ಬಡೀತು. ಮಾಸ್ತರು ಇಳದು ಹಾಲಿನಾಂವಗ ಕೈ ಮುಗದು, "ಹೆಂಗ ಆತೋ ತಿಳೀಲಿಲ್ಲಪಾ" ಅಂದು ಬಂದ್ರು. ವಾರ ಆಗಿದ್ದಿಲ್ಲ, ಒಂದು ಆಡು. ಆಡು ತಾನೇ ಜಿಗದು ಪಾರಾತು, ಮಾಸ್ತರಿಗೆ ಅಲ್ಲಿ ಆಡು ಇದ್ದದ್ದೇ ಗೊತ್ತಿಲ್ಲ. ಎದುರಿನದು ಎಲ್ಲಾ ಛಂದ ಕಾಣತಿತ್ತು ಅವರಿಗೆ. ಎಡಕ್ಕ ಇದ್ದದ್ದು ಅವರ ಪಾಲಿಗೆ ಇದ್ದಿದ್ದೇ ಇಲ್ಲ.

ನಂದಕಿಶೋರ ಶಾಣ್ಯಾ. ಆ ತನಕ ಮುಂದಿನ ಸೀಟು ಅವನದು. ಆಡಿನ ಮರುದಿನ, "ಮೊಣಕಾಲು ಭಾಳ ನೋಯಾಕತ್ತಾವ್ರಿ ಸರ್, ಹಿಂದ ಕಾಲು ಚಾಚಕೊಂಡು ಕುಂದರತೇನಿ" ಅಂದು ಹಿಂದಕ ಜಾರಿಕೊಂಡ. ಹಿಂದಿನ ಸೀಟಿನ್ಯಾಗ ಕಾಲು ಚಾಚಾಕ ಎಲ್ಲಿ ಜಾಗಾ ಇರತದ, ನೀವ ಹೇಳ್ರಿ! ಸೌಭಾಗ್ಯ ಮುಂದ ಬಂದು ಕುಂತ್ಲು, ಮಾಸ್ತರರ ಎಡಕ್ಕ.

ಬಾಯಿ ತಗದು "ಸರ್ರ, ಎಡಕ್ಕ ನೋಡ್ರಿ" ಅನ್ನಾಕ ಆಕಿಗೆ ಆಗಲಿಲ್ಲ. ಅಂದ್ರ ನಿಮಗ ಕಾಣವಲ್ದು ಅಂದಂಗ. ಮೂರನೇ ದಿನಾ ಒಂದು ಟಂಟಂ ಎಡಕ್ಕ ನಿಂತಿತ್ತು, ಮಾಸ್ತರು ಅದರ ಮ್ಯಾಲೇ ಹೊಂಟಿದ್ರು. ಸೌಭಾಗ್ಯಳ ಜೀವ ಬಾಯಿಗೆ ಬಂತು. ಬಂದ ಜೀವಾನ ನುಂಗಿ, ಅಗದೀ ಹರಟಿ ಹೊಡದಂಗ, "ಅಯ್ಯ ಸರ್ರ, ಆ ಟಂಟಂದಾಗ ಎಷ್ಟ ಹೆಣ್ಮಕ್ಕಳನ್ನ ತುಂಬ್ಯಾನ ನೋಡ್ರಿ ದ್ರಾಕ್ಷಿ ತ್ವಾಟದ ಕೆಲಸಕ್ಕ!" ಅಂದ್ಲು.

"ಹೌದೌದು, ಕಂಡೆ" ಅಂದು ಮಾಸ್ತರು ಗಾಡಿ ಬಲಕ್ಕ ತಗೊಂಡ್ರು.

ಅವತ್ತಿನಿಂದ ಅದೇ ರೂಢಿ ಬಿತ್ತು. "ಈ ಎಮ್ಮಿ ಎಷ್ಟ ಬಡಕಲಾಗೈತಿ ನೋಡ್ರಿ ಸರ್ರ." "ಆ ಅಜ್ಜನ ಪಟಗಾ ಎಷ್ಟ ಛಂದ ಐತಿ." "ಕಬ್ಬಿನ ಟ್ರ್ಯಾಕ್ಟರ್ ಪಂಕ್ಚರ್ ಆಗಿ ನಿಂತೈತಿ, ಪಾಪ." ಮಾಸ್ತರು ಹೂಂ ಅನ್ನೂದು, ಕಾಲು ಬ್ರೇಕಿನ ಮ್ಯಾಲ ಹೋಗೂದು. ಮೊದಮೊದಲ ತಾವೂ ಎಡಕ್ಕ ಹೊಳ್ಳಿ ನೋಡತಿದ್ರು. ಬರಬರತ ಅದೂ ಬಿಟ್ರು. ಹೊರಗಿನಿಂದ ನೋಡಿದವರಿಗೆ ಗುರು ಶಿಷ್ಯಳು ಮಾತಾಡಕೋತ ಹೊಂಟಾರ, ಎಷ್ಟ ಛಂದ ಅನಸತಿತ್ತು. ಸೌಭಾಗ್ಯ ಸಾಲಿ ಮುಟ್ಟಿ ಇಳದ್ರ ಕುಬಸ ಬೆವತು ಬೆನ್ನಿಗೆ ಅಂಟಿರತಿತ್ತು, ಅದೂ ಥಂಡಿ ದಿನದಾಗ.

ಇದನ್ನ ಮಾಸ್ತರಿಗೆ ಹೇಳೂರು ಯಾರು? ಅದು ದೊಡ್ಡ ಪಂಚಾಯ್ತಿ. "ನಿಮ್ಮ ಗುರುಗಳು ಅಲ್ಲೇನ್ರಿ, ನೀವ ಹೇಳ್ರಿ" ಅಂತ ನಂದಕಿಶೋರ. "ನಿಮ್ಮ ಓಣಿಯವರು ಅಲ್ಲೇನ್ರಿ, ನೀವ ಹೇಳ್ರಿ" ಅಂತ ಸೌಭಾಗ್ಯ. "ಮೇ ತಿಂಗಳದಾಗ ರಿಟೈರ್ ಆಗತಾರ. ಇನ್ನ ನಾಲ್ಕು ತಿಂಗಳ ಮಾತು, ನೀವು ಹಿಂಗ ಹರಟಿ ಹೊಡಕೋತ ಕುಂತುಬಿಡ್ರಿ. ಹಿರಿಯಾರ ಮನಸು ಯಾಕ ನೋಯಿಸೂದು?" ಅಂತ ಅಂವನ ತೀರ್ಪು. ಹಿರಿಯಾರ ಮನಸು! ಮಂದಿ ಜೀವಕ್ಕಿಂತ ನಾಜೂಕ ಇರತದಂತ ಅದು. ಈ ಮಾತು ಸೌಭಾಗ್ಯಳಿಗೂ ಒಳಗೊಳಗ ಹಿತ ಅನಿಸಿತು ಅನ್ನೂದನ್ನ ಮುಚ್ಚಿಡಬಾರದು. ಹೇಳೂದು ತಪ್ಪಿತಲ್ಲ, ಅಷ್ಟ ಸಾಕಾಗಿತ್ತು ಆಕಿಗೆ.

ಒಮ್ಮೆ ಧೈರ್ಯಾ ಮಾಡಿ, "ಸರ್ರ, ಒಮ್ಮೆ ಕಣ್ಣು ತೋರಿಸಿಕೊಂಡು ಬರ್ರಲ್ಲ" ಅಂದಿದ್ಲು. ಮಾಸ್ತರು ನಕ್ಕು, "ನಿನ್ನ ಹುಡುಗರ ಪೇಪರಿನ್ಯಾಗ ನೀ ಬಿಟ್ಟ ತಪ್ಪು ನನಗ ಇನ್ನೂ ಕಾಣತಾವ ಬಿಡು" ಅಂದಿದ್ರು. ಆಕೀನೂ ನಕ್ಕಿದ್ಲು.

ಆದ್ರ ಆಕಿ ಕೈ ಕಟಗೊಂಡು ಕುಂತಿದ್ದಿಲ್ಲ. ಭಾನುವಾರ ಭಾನುವಾರ ಗಂಡನ ಕೂಡ ಬಬಲೇಶ್ವರ ರಸ್ತಾದ ಮ್ಯಾಲ ಕಾರು ಕಲತ್ಲು. ಲೈಸೆನ್ಸೂ ಬಂತು. ಲೈಸೆನ್ಸ್ ಪರ್ಸಿನ್ಯಾಗ ಇಟಗೊಂಡು ಹನ್ನೆರಡು ದಿನಾ ಅಡ್ಡಾಡಿದ್ಲು. ನಾಳೆ ಹೇಳತೇನಿ, ನಾಳೆ ಹೇಳತೇನಿ.

ಹದಿಮೂರನೇ ದಿನಾ, ಫೆಬ್ರುವರಿ ಮೊದಲನೇ ವಾರ. ತಿಕೋಟಾದಾಗ ನಂದಕಿಶೋರ ಇಳದು ಹೋದ. ಊರು ದಾಟಿ ದ್ರಾಕ್ಷಿ ತ್ವಾಟ ಶುರು ಆದ ಮ್ಯಾಲ ಸೌಭಾಗ್ಯ ಮುಂದಿನ ರಸ್ತಾ ನೋಡಕೋತ ಒಂದೇ ಉಸಿರಿನ್ಯಾಗ ಅಂದುಬಿಟ್ಲು, "ಸರ್ರ, ನಾಳಿಂದ ಗಾಡಿ ನಾ ಹೊಡೀತೇನ್ರಿ. ನೀವು ಆರಾಮ ಇಲ್ಲಿ ಕುಂದರ್ರಿ."

"ಯಾಕ?"

"ಸುಮ್ಮನ್ರಿ. ನನಗೂ ರೂಢಿ ಆಗತೈತಿ."

ಮಾಸ್ತರು ಗೇರ್ ಒಂದು ಇಳಿಸಿದ್ರು. ಆಮ್ಯಾಲ ಕೇಳಿದ್ರು, "ನನ್ನ ಗಾಡ್ಯಾಗ ಕುಂದರಾಕ ಅಂಜಿಕಿ ಬಂತೇನು ನಿನಗ?"

ಹೌದ್ರಿ ಸರ್ರ, ಅಂದಿದ್ರ ಮುಗೀತಿತ್ತು. ಎರಡು ಶಬ್ದ. ಆಕಿ ನಾಲಿಗಿ ಏಳಲಿಲ್ಲ.

"ಇಪ್ಪತ್ತು ವರ್ಷ ಆತು ಈ ರಸ್ತಾದ ಮ್ಯಾಲ. ಯಾರಿಗೂ ಒಂದು ಗೀಚು ಬಿದ್ದಿಲ್ಲ ನನ್ನ ಕೈಯಾಗ. ನಿನಗ ಬ್ಯಾಸರ ಇದ್ರ ಬಸ್ಸಿಗೆ ಬಾ ತಂಗಿ. ನಾ ಏನೂ ತಿಳಕೊಳ್ಳೂದಿಲ್ಲ." ದನಿ ಒಂದೀಟೂ ಏರಲಿಲ್ಲ. ದಿನದಂಗೇ ಸಾವಕಾಶ, ದಿನದಂಗೇ ತಣ್ಣಗ. ಆ ತಣ್ಣಗಿನ ದನೀನ ಸೌಭಾಗ್ಯಳ ತಲಿ ಕೆಡಿಸಿತು. ನಾಲ್ಕು ತಿಂಗಳಿಂದ ಇವರ ಕಣ್ಣಾಗಿ ಕುಂತೇನಿ, ದಿನಾ ಎದಿ ಕೈಯಾಗ ಹಿಡಕೊಂಡು ಬರತೇನಿ, ಇವರು ನನಗ ಬಸ್ಸಿಗೆ ಬಾ ಅಂತಾರ! ಸಿಟ್ಟಿಗೆ ಕಣ್ಣಾಗ ನೀರು ಬಂತು. ನಾಲ್ಕು ತಿಂಗಳದಾಗ ಮೊದಲನೇ ಸಲ ಆಕಿ ಆ ಸೀಟಿನ್ಯಾಗ ಬಾಯಿ ಮುಚಗೊಂಡು ಕುಂತ್ಲು.

ಮುಂದ ಎಡಕ್ಕ ಒಬ್ಬ ಮನಶ್ಯಾ ಹೊಂಟಿದ್ದ. ಸೈಕಲ್ ತುಳೀತಿದ್ದಿಲ್ಲ, ನೂಕಿಕೋತ ನಡದಿದ್ದ, ಕ್ಯಾರಿಯರ್ ಮ್ಯಾಲ ದನಕ್ಕ ಹಾಕೂ ಜ್ವಾಳದ ಕಣಕಿ ಪೆಂಡಿ ಹೇರಿಕೊಂಡು. ಸೌಭಾಗ್ಯ ನೋಡಿದ್ಲು. ನೆಟ್ಟಗ ನೋಡಿದ್ಲು, ಹೆಗಲ ಮ್ಯಾಲಿನ ಟಾವೆಲ್ಲಿನ ಕೆಂಪು ಅಂಚು ಸೈತ. ಹೇಳಾಕ ಬಾಯಿ ತಗದು, ಮುಚ್ಚಿದ್ಲು. ಹೇಳೂದು ಬ್ಯಾಡ ಈ ಸಲ. ಕಾಣತದೋ ಇಲ್ಲೋ ಒಮ್ಮೆ ನೋಡೇ ಬಿಡೂಣು. ತಾವೇ ಕಂಡು ಗಾಡಿ ಬಲಕ್ಕ ತಗೊಂಡ್ರ ನಂದೇ ಹುಚ್ಚು ಅಂತ ತಿಳಕೊಂಡು ಸುಮ್ಮನಾಗತೇನಿ. ಕಾಣಲಿಲ್ಲ ಅಂದ್ರ ತಮಗೇ ತಿಳೀತದ. ಇನ್ನೂ ದೂರ ಐತಿ. ಇನ್ನೂ ಐತಿ.

ಗಾಡಿ ಬಲಕ್ಕ ಹೊಳ್ಳಲಿಲ್ಲ.

"ಸರ್ರ!" ಅಂತ ಚೀರಿದ್ಲು. ಅದೇ ದೊಡ್ಡ ಕೇಡಾತು. ಆಕಿ ಚೀರಿದ್ದು ಮಾಸ್ತರು ಒಂದು ದಿನಾ ಕೇಳಿದ್ದಿಲ್ಲ. ಆಕಿಗೆ ಏನೋ ಆತು ಅಂತ ಗಾಬರ್ಯಾಗಿ ರಸ್ತಾ ಬಿಟ್ಟು ಆಕಿ ಮಾರಿ ಕಡೆ ನೋಡಿದ್ರು.

ಗಾಡಿ ಮಣ್ಣಿನ ಬದಿಗೆ ಇಳದು ನಿಂತಾಗ ಮುಂದಿನ ಕಾಚಿನ ತುಂಬ ಕಣಕಿ ಬಿದ್ದಿತ್ತು. ಮಾಸ್ತರು ಎರಡೂ ಕೈಲೇ ಸ್ಟೇರಿಂಗ್ ಹಿಡಕೊಂಡು ಹಂಗ ಕುಂತಿದ್ರು. ಮಾರಿ ಹೊಳ್ಳಿಸದ ಕೇಳಿದ್ರು, "ನೀ ಯಾಕ ಹೇಳಲಿಲ್ಲ?"

ಆವಾಗ ತಿಳೀತು ಸೌಭಾಗ್ಯಳಿಗೆ. ಎಮ್ಮಿ, ಪಟಗಾ, ಟಂಟಂ, ಎಲ್ಲಾ ಆಕಿ ಯಾಕ ತೋರಸತಿದ್ಲು ಅನ್ನೂದು ಮಾಸ್ತರಿಗೆ ಮೊದಲಿಂದ ಗೊತ್ತಿತ್ತು. ಆಕಿ ಬಾಯಿ ನಂಬಿಕೊಂಡು ಗಾಡಿ ಹೊಡೀತಿದ್ರು ಅವರು.

ಆ ಮನಶ್ಯಾ ಬೀರಣ್ಣ. ರಸ್ತಾದ ಮಗ್ಗಲಕ ಹೊಲದಾಗ ವಸ್ತಿ ಹಾಕಿದ್ದಾಂವ. ಆಂಬುಲೆನ್ಸು ಬರೂದರೊಳಗ ಜೀವ ಹೋಗಿತ್ತು.

ನಂದಕಿಶೋರ ಬ್ಯಾಂಕ್ ಬಿಟ್ಟು ಓಡಿ ಬಂದ. ಸೌಭಾಗ್ಯಳನ್ನ ಬದಿಗೆ ಕರದು, "ಅಂವನ ಅಡ್ಡ ಬಂದ ಅಂತ ಅನ್ರಿ, ಅಷ್ಟ ಸಾಕು. ಹ್ವಾದಾಂವಂತೂ ಹ್ವಾದ. ಸರ್ ಮುಪ್ಪಿನ ಕಾಲಕ್ಕ ಜೈಲ್ ನೋಡೂದು ಬ್ಯಾಡ" ಅಂದ. ಪೊಲೀಸರು ಕೇಳಿದಾಗ ಸೌಭಾಗ್ಯ ಅದನ್ನ ಅಂದ್ಲು. "ಒಮ್ಮಿಂದೊಮ್ಮೆಲೆ ಅಡ್ಡ ಬಂದ್ರಿ." ಅವರು ಬರಕೊಂಡ್ರು.

ವಾರದ ಮ್ಯಾಲ ಮಾಸ್ತರರ ಮನಿಗೆ ಹೋದ್ಲು. ಖರೇದ್ದು ಹೇಳಬೇಕು ಅಂತ ಗಟ್ಟಿ ಮನಸು ಮಾಡಿಕೊಂಡೇ ಹೋಗಿದ್ಲು. ಬಾಗಲಾ ತಗದ ಅವರ ಹೆಂಡತಿ ಸರಸ್ವತೀಬಾಯಿ ಆಕಿ ಎರಡೂ ಕೈ ಹಿಡಕೊಂಡು, "ನಿನ್ನ ಒಂದು ಮಾತಿಗೆ ಇವರು ಇವತ್ತ ಮನ್ಯಾಗ ಅದಾರ, ನಮ್ಮವ್ವಾ" ಅಂತ ಕಣ್ಣಿಗೆ ಒತ್ತಿಕೊಂಡ್ರು. ಒಳಗ ಮಾಸ್ತರು ಖುರ್ಚಿ ಮ್ಯಾಲ ಕುಂತಿದ್ರು. ಗಡ್ಡ ಬೆಳದಿತ್ತು. ವಾರದಾಗ ಹತ್ತು ವರ್ಷ ಏರಿದಂಗ ಕಾಣತಿದ್ರು.

"ಸೌಭಾಗ್ಯಾ, ಒಂದ ಮಾತು ಕೇಳತೇನಿ. ಅಂವನ್ನ ನೀನೂ ನೋಡಿದ್ದಿಲ್ಲ, ಹೌದಿಲ್ಲೋ?"

ಆ ಮಾರಿ ನೋಡಿ ಆಕಿ ಎದಿ ನೀರಾತು. "ಇಲ್ರಿ ಸರ್ರ" ಅಂದ್ಲು. "ನಾನೂ ನೋಡಿದ್ದಿಲ್ಲ."

ಮಾಸ್ತರು ಉಸಿರು ಬಿಟ್ಟು ಹಿಂದಕ ಒರಗಿದ್ರು. "ಹಂಗಾದ್ರ ಅಂವ ಅಡ್ಡಾನ ಬಂದಿರಬೇಕು. ನಿನಗೂ ಕಾಣಲಿಲ್ಲ ಅಂದ ಮ್ಯಾಲ ಅಡ್ಡಾನ ಬಂದಿರಬೇಕು, ಅಲ್ಲೇನು?" ಅಂತ ಎರಡೆರಡು ಸಲ ಅಂದ್ರು. ಮಾರಿ ಮ್ಯಾಲ ಒಂದೀಟು ಕಳಾ ಬಂತು. "ಚಹಾ ಮಾಡು ಈಕಿಗೆ" ಅಂತ ಒಳಗಿನವರಿಗೆ ಕೂಗಿ ಹೇಳಿದ್ರು. ಸೌಭಾಗ್ಯ ಆ ಚಹಾ ಕುಡದು ಬಂದ್ಲು. ಹೆಂಗ ಕುಡದ್ಲೋ ಏನೋ.

ಈಗ ಆಕಿ ಬಸ್ಸಿಗೆ ಹೋಗತಿದ್ಲು. ಬಸ್ಸಿನ್ಯಾಗ ಮಂದಿ ಸುಮ್ಮನ ಇರತಾರೇನು? ಆ ಜಾಗಾ ಬಂತಂದ್ರ ಕಿಡಕ್ಯಾಗ ಹಣಿಕಿ ಹಾಕೂದು, ಇಲ್ಲೇ ನೋಡ್ರಿ ಅನ್ನೂದು. ಮೊದಲನೇ ವಾರ, ಸೈಕಲ್ಲಿನಾಂವ ಅಡ್ಡ ಬಂದನಂತ. ಎರಡನೇ ವಾರ, ಅಂವಗ ಕಿವಿ ಕೇಳತಿದ್ದಿಲ್ಲಂತ. ಮೂರನೇ ವಾರ ಮುಂದಿನ ಸೀಟಿನ್ಯಾಗ ಕುಂತಿದ್ದ ಒಬ್ಬಾಂವ ಬಾಜೂದಾಂವಗ ಹೇಳಾಕತ್ತಿದ್ದ, "ಮುಂಜ್‍ಮುಂಜಾನೇನ ಏರಿಸಿದ್ದನಂತಪಾ. ತೂರ್ಯಾಡಕೋತ ಬಂದು ಕಾರಿಗೆ ತಾನೇ ಬಿದ್ದಾನ. ಪಾಪ, ಆ ಮಾಸ್ತರು ದೇವರಂಥವರು."

ಸೌಭಾಗ್ಯಳ ಕಿವಿಗೆ ಅದು ಬಿತ್ತು. ಇದು ತಾನೇ ಹುಟ್ಟಿಸಿದ ಮಾತು, ಈಗ ಊರ ತುಂಬ ಅಡ್ಡಾಡಾಕತ್ತದ. ಸತ್ತಾಂವ ಎದ್ದು ಬಂದು ಇಲ್ಲ ಅನ್ನೂಹಂಗಿಲ್ಲ. ಆವತ್ತ ಸಂಜಿ ಸಾಲಿ ಬಿಟ್ಟು ಬರೂ ಮುಂದ ಆಕಿ ಕಂಡಕ್ಟರಗ ಹೇಳಿ ಬೀರಣ್ಣನ ವಸ್ತಿ ಮುಂದ ಇಳದ್ಲು.

ಪತ್ರಾಸ್ ತಗಡಿನ ಮನಿ, ಮುಂದ ದೊಡ್ಡಿ. ಹೆಣ್ಮಗಳೊಬ್ಬಾಕಿ ಎಮ್ಮಿಗೆ ನೀರು ಕುಡಸಾಕತ್ತಿದ್ಲು. ಹಣಿ ಖಾಲಿ, ಕೈ ಖಾಲಿ. ಬೀರಣ್ಣನ ಹೆಂಡತಿ ಶಂಕ್ರೆವ್ವ.

"ಆ ಕಾರಿನ್ಯಾಗ ಇದ್ದಾಕಿ ನಾ ಯವ್ವಾ. ಸೌಭಾಗ್ಯ ಅಂತ. ಸಾಲಿ ಕಲಸತೇನಿ."

ಬಯ್ಯತಾಳ, ಮಣ್ಣು ತೂರತಾಳ, ಏನ ಮಾಡಿದ್ರೂ ಮಾಡಲಿ ಅಂತ ನಿಂತಿದ್ಲು. ಶಂಕ್ರೆವ್ವ ಬಕೆಟ್ ಕೆಳಗಿಟ್ಟು, ಸೆರಗಿಗೆ ಕೈ ಒರಸಿಕೊಂಡು, ಕಟ್ಟಿ ಮ್ಯಾಲ ಕಂಬಳಿ ಹಾಸಿದ್ಲು. "ಕುಂದರ್ರಿ ಅಕ್ಕೋರ" ಅಂದು ತಾನು ನೆಲಕ ಕುಂತ್ಲು.

"ನೀವು ಬಂದಿದ್ದು ಛಲೋ ಆತ್ರಿ. ನಾನ ಬರಾಕಿದ್ದೆ, ಯಾರನ್ನ ಕೇಳಬೇಕೋ ತಿಳೀಲಿಲ್ಲ. ನೀವು ಕಣ್ಣಾರೆ ನೋಡೀರಿ. ಮಂದಿ ಕುಡದಿದ್ದ ಅಂತಾರ್ರಿ. ಅಂವ ದೇವರ ಆಣಿ ಮಾಡಿ ಬಿಟ್ಟು ಹನ್ನೆರಡು ವರ್ಷ ಆಗಿತ್ತು. ಅದು ಹೋಗಲಿ, ಅಂದ್ರ ಅನ್ನವಲ್ರ್ಯಾಕ. ಆದ್ರ ಅಡ್ಡ ಯಾಕ ಬಂದ್ರಿ ಅಂವ?" ಶಂಕ್ರೆವ್ವ ರಸ್ತಾದ ಆ ಕಡೆ ಕೈ ಮಾಡಿದ್ಲು. "ಆ ಕಡೆ ಏನೈತ್ರಿ ಅಂವಗ? ನಮ್ಮ ಮನಿ ಈ ಕಡೆ, ಹೊಲ ಈ ಕಡೆ, ಎಮ್ಮಿ ಈ ಕಡೆ. ಕಣಕಿ ತಗೊಂಡು ಮನಿಗೆ ಬರಾಂವ ಆ ಕಡೆ ಯಾಕ ದಾಟ್ಯಾನ್ರಿ? ರಾತ್ರಿ ಹಗಲು ಇದ ತಲ್ಯಾಗ ತಿರಗತೈತಿ. ನನಗ ಹೇಳದ ಏನರೆ ತರಾಕ ಹೊಂಟಿದ್ದನೇನೋ ಅಂತ."

ಸೌಭಾಗ್ಯಳಿಗೆ ಇನ್ನ ಕುಂದರಾಕ ಆಗಲಿಲ್ಲ. ಕಂಬಳಿ ಬಿಟ್ಟು ಕೆಳಗ ಶಂಕ್ರೆವ್ವನ ಮುಂದ ನೆಲಕ್ಕ ಕುಂತ್ಲು.

"ಅಡ್ಡ ಬಂದಿಲ್ಲ ಯವ್ವಾ. ನಾ ಸುಳ್ಳು ಹೇಳಿದೆ. ಅವ್ರು ತಮ್ಮ ಪಾಡಿಗೆ ತಾವು ಬದಿಗೇ ಹೊಂಟಿದ್ರು. ನಾಳೆ ಸ್ಟೇಷನ್ನಿಗೆ ಹೋಗಿ ಖರೇದ್ದು ಬರಸತೇನಿ. ನೀವು ಯಾರ ಮುಂದ ಹೇಳು ಅಂತೀರಿ, ಅವ್ರ ಮುಂದ ಹೇಳತೇನಿ."

ಶಂಕ್ರೆವ್ವ ಅಳಲಿಲ್ಲ. "ಮತ್ತ ಏನಾತ್ರಿ?" ಅಂತ ಕೇಳಿದ್ಲು.

"ನಮ್ಮ ಸರ್ರಿಗೆ ಎಡಗಡೆ ಕಾಣತಿದ್ದಿಲ್ಲ. ದಿನಾ ನಾನ ಹೇಳತಿದ್ದೆ, ಅಲ್ಲಿ ದನಾ ಐತಿ, ಇಲ್ಲಿ ಮನಶ್ಯಾರದಾರ ಅಂತ. ಆವತ್ತ ಹೇಳಲಿಲ್ಲ."

"ನೀವು ನೋಡಿದ್ದಿಲ್ಲೇನ್ರಿ ಅಂವನ್ನ?"

"ನೋಡಿದ್ದೆ."

"ನೋಡಿ?"

"ನೋಡಿ ಸುಮ್ಮನ ಕುಂತೆ." ಸೌಭಾಗ್ಯ ಅಷ್ಟಕ್ಕ ನಿಲ್ಲಸಲಿಲ್ಲ. ಯಾರ ಮುಂದ ಬಾಯಿ ಬಿಡದ ಮಾತದು, ಗಂಡನ ಮುಂದ ಸೈತ. "ಅವರಿಗೆ ಕಾಣತೈತೋ ಇಲ್ಲೋ ಒಮ್ಮೆ ನೋಡೂಣು ಅಂತ ಸುಮ್ಮನ ಕುಂತೆ ಯವ್ವಾ."

ದೊಡ್ಡ್ಯಾಗ ಎಮ್ಮಿ ಒದರಾಕತ್ತಿತ್ತು, ಹಿಂಡೂ ಹೊತ್ತಾಗಿತ್ತು. ಶಂಕ್ರೆವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತ್ಲು. ಸಿಟ್ಟಿಲ್ಲ, ಏರಿದ ದನಿ ಇಲ್ಲ. ಖರೇನ ತಿಳೀಲಾರದ್ದಕ್ಕ ಕೇಳಿದಂಗ ಕೇಳಿದ್ಲು.

"ಅದನ್ನ ನನ್ನ ಗಂಡನ ಮ್ಯಾಲೇ ನೋಡಬೇಕಾಗಿತ್ತೇನ್ರಿ, ಅಕ್ಕೋರ?"